ನಲಿಕಲಿ ತರಗತಿಯ ಒಂದು ವಾರ

ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದರಿಂದ ಮೂರನೆಯ ತರಗತಿವರೆಗಿನ ಮಕ್ಕಳು ಕಲಿಯುವುದು ನಲಿಕಲಿ ಪದ್ಧತಿಯಲ್ಲಿ. ಮೂರೂ ತರಗತಿಯ ಮಕ್ಕಳಿಗೆ ಬಹುಪಾಲು ಒಂದೇ ಕೋಣೆ, ಒಬ್ಬರೇ ಶಿಕ್ಷಕರು. ಬೆಂಚುಗಳ ಸಾಲಿಲ್ಲ, ಹಾಗಾಗಿ ಹಿಂದಿನ ಬೆಂಚಿನ ಹುಡುಗ ಎಂಬುವನೂ ಇಲ್ಲ. ಮಕ್ಕಳು ನೆಲದ ಮೇಲೋ ಗಿಡ್ಡ ಮೇಜುಗಳ ಸುತ್ತಲೋ ಗುಂಪುಗುಂಪಾಗಿ ಕೂರುತ್ತಾರೆ. ಒಂದು ಗುಂಪು ಕಾರ್ಡು ಹಿಡಿದು ಓದುತ್ತಿದ್ದರೆ ಇನ್ನೊಂದು ಅಕ್ಷರ ಜೋಡಿಸಿ ಪದ ಮಾಡುತ್ತಿರುತ್ತದೆ; ಮತ್ತೊಂದು ಗೋಡೆಯ ಕಪ್ಪು ಹಲಗೆಗೆ ಮುಖಮಾಡಿ ಬರೆಯುತ್ತಿರುತ್ತದೆ.

ಸಂಜೆ ಚೀಲ ಬಿಚ್ಚಿ ನೋಡುವ ತಂದೆತಾಯಿಗೆ ಇದರಲ್ಲಿ ಯಾವುದೂ ಕಾಣುವುದಿಲ್ಲ. ಚೀಲದಲ್ಲಿ ಇರುವುದು ಒಂದೆರಡು ನೋಟ್‌ಬುಕ್ಕು, ಅಭ್ಯಾಸ ಪುಸ್ತಕ, ತುದಿ ಮುರಿದ ಪೆನ್ಸಿಲ್ಲು. ನೋಟ್‌ಬುಕ್ಕಿನಲ್ಲಿ ಕೆಲವು ದಿನ ಎರಡು ಸಾಲು, ಕೆಲವು ದಿನ ಬರಿಯ ಚಿತ್ರ, ಕೆಲವು ದಿನ ಅದೂ ಇಲ್ಲ. ಪಕ್ಕದ ಮನೆಯ ಮಗು ಖಾಸಗಿ ಶಾಲೆಯಿಂದ ಪುಟಗಟ್ಟಲೆ ಬರೆದುಕೊಂಡು ಬಂದಿರುತ್ತದೆ. "ನಮ್ ಶಾಲೇಲಿ ಏನೂ ಬರೆಸಲ್ಲ, ಬರೀ ಆಡಿಸ್ತಾರೆ" ಎಂಬ ದೂರು ಹುಟ್ಟುವುದು ಇಲ್ಲಿಂದ. ದೂರಿನಲ್ಲಿ ಕೆಲವೊಮ್ಮೆ ಹುರುಳೂ ಇರುತ್ತದೆ. ಆದರೆ ಇದೆಯೋ ಇಲ್ಲವೋ ಎಂಬುದನ್ನು ನೋಟ್‌ಬುಕ್ ನೋಡಿ ಹೇಳಲಾಗದು. ಈ ತರಗತಿಯ ವಾರದ ಲೆಕ್ಕ ಬರೆದಿಟ್ಟಿರುವುದು ಕೋಣೆಯ ಗೋಡೆಗಳ ಮೇಲೆ. ಅದನ್ನು ಓದಲು ಬಂದರೆ, ಮಗು ವಾರದಲ್ಲಿ ಎಷ್ಟು ದೂರ ನಡೆಯಿತು ಎಂಬುದು ಅಕ್ಷರ ಬಾರದ ತಾಯಿಗೂ ತಿಳಿಯುತ್ತದೆ.

ಪದ್ಧತಿ ಮೊದಲಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಕಾಡಂಚಿನ ತಾಲ್ಲೂಕು ಅದು. ಹಾಡಿಗಳು, ಚಿಕ್ಕ ಚಿಕ್ಕ ಊರುಗಳು, ಒಬ್ಬಿಬ್ಬರೇ ಶಿಕ್ಷಕರಿರುವ ಶಾಲೆಗಳು. ಕೂಲಿಗೆ ಹೋಗುವ ತಂದೆತಾಯಿಯ ಜೊತೆ ಹೊರಟ ಮಗು ಎಂಟು ಹತ್ತು ದಿನ ಶಾಲೆಗೆ ತಪ್ಪಿಸಿಕೊಂಡರೆ ತಿರುಗಿ ಬರುವ ಹೊತ್ತಿಗೆ ಪಾಠ ಮುಂದೆ ಹೋಗಿರುತ್ತಿತ್ತು. ಒಮ್ಮೆ ಹಿಂದೆ ಬಿದ್ದ ಮಗುವಿಗೆ ಮತ್ತೆ ಸಾಲಿಗೆ ಸೇರಲು ದಾರಿ ಇರುತ್ತಿರಲಿಲ್ಲ. ಆಂಧ್ರದ ಮದನಪಲ್ಲಿಯ ಹತ್ತಿರವಿರುವ ರಿಷಿವ್ಯಾಲಿ ಸಂಸ್ಥೆ ತನ್ನ ಸುತ್ತಲಿನ ಹಳ್ಳಿಯ ಪುಟ್ಟ ಶಾಲೆಗಳಿಗಾಗಿ ಕಾರ್ಡು ಮತ್ತು ಕಲಿಕಾ ಏಣಿಯ ಕ್ರಮವೊಂದನ್ನು ರೂಪಿಸಿತ್ತು. ಕೋಟೆ ತಾಲ್ಲೂಕಿನ ಶಿಕ್ಷಕರು ಅಲ್ಲಿಗೆ ಹೋಗಿ ಅದನ್ನು ನೋಡಿ ಬಂದರು. ಯುನಿಸೆಫ್ ನೆರವಾಯಿತು. ಶಿಕ್ಷಕರೇ ಕೂತು ಕನ್ನಡಕ್ಕೆ ಒಪ್ಪುವ ಕಾರ್ಡುಗಳನ್ನು ಬರೆದರು. ಮೇಲಿನಿಂದ ಬಂದ ಸುತ್ತೋಲೆಯಿಂದಲ್ಲದೆ ತರಗತಿಯೊಳಗಿನ ತಾಪತ್ರಯದಿಂದ ಹುಟ್ಟಿದ ಸುಧಾರಣೆಗಳು ನಮ್ಮ ಶಿಕ್ಷಣ ವ್ಯವಸ್ಥೆಯಲ್ಲಿ ಹೆಚ್ಚಿಲ್ಲ, ನಲಿಕಲಿ ಅಂಥದೊಂದು. 2009-10ರ ಹೊತ್ತಿಗೆ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗೆ ಬಂತು, ಆಮೇಲೆ ಮೂರನೆಯದಕ್ಕೂ ವಿಸ್ತರಿಸಿತು.

ಸೋಮವಾರ ಬೆಳಿಗ್ಗೆ ಪ್ರಾರ್ಥನೆ, ನಾಡಗೀತೆ ಮುಗಿಸಿ ಒಳಗೆ ಬರುವ ಮಕ್ಕಳು ಮೊದಲು ಹೋಗುವುದು ಸ್ವಯಂ ಹಾಜರಾತಿಯ ಪಟ್ಟಿಯ ಬಳಿಗೆ. ಪ್ರತಿ ಮಗುವೂ ತನ್ನ ಹೆಸರಿನ ಎದುರು ತಾನೇ ಗುರುತು ಹಾಕಬೇಕು. ಜೂನ್ ತಿಂಗಳಲ್ಲಿ ಒಂದನೆಯ ತರಗತಿಗೆ ಬಂದ ಮಗುವಿಗೆ ಓದಲು ಬರುವುದಿಲ್ಲ ನಿಜ, ಆದರೆ ತನ್ನ ಹೆಸರು ಎಲ್ಲಿದೆ ಎಂದು ಗೊತ್ತು. ದಿನವೂ ಅದನ್ನೇ ಹುಡುಕಿ ಹುಡುಕಿ ಹೆಸರಿನ ಆಕಾರ ಕಣ್ಣಿಗೆ ಕೂರುತ್ತದೆ. ಎಷ್ಟೋ ಮಕ್ಕಳು ಓದುವ ಮೊದಲ ಪದ ಅವರ ಹೆಸರೇ. ಪಕ್ಕದಲ್ಲೇ ಹವಾಮಾನದ ನಕ್ಷೆ. ಬಿಸಿಲೋ ಮೋಡವೋ ಮಳೆಯೋ ಎಂದು ಆಕಾಶ ನೋಡಿ ಬಂದು ಒಂದು ಮಗು ಗುರುತು ಮಾಡುತ್ತದೆ. ಮಲೆನಾಡಿನ ಶಾಲೆಯಲ್ಲಿ ಜುಲೈ ತಿಂಗಳ ಪುಟಕ್ಕೆ ಪುಟವೇ ಮಳೆ; ರಾಯಚೂರಿನ ಕಡೆ ಅದೇ ತಿಂಗಳು ಮಕ್ಕಳು ಮಳೆಯ ಚಿತ್ರ ಬಿಡಿಸುವ ಅವಕಾಶಕ್ಕೇ ಕಾಯಬೇಕು. ತಿಂಗಳ ಕೊನೆಗೆ ಎಷ್ಟು ದಿನ ಮಳೆ, ಎಷ್ಟು ದಿನ ಬಿಸಿಲು ಎಂದು ಎಣಿಸಿದರೆ ಅದೇ ಗಣಿತದ ಪಾಠ.

ಸೋಮವಾರಕ್ಕೆ ಇನ್ನೊಂದು ಕೆಲಸ ಅಂಟಿಕೊಂಡಿದೆ. ಭಾನುವಾರ ಕಳೆದು ಬಂದ ಮಕ್ಕಳ ಹೊಟ್ಟೆಯಲ್ಲಿ ಸುದ್ದಿ ತುಂಬಿರುತ್ತದೆ. ಮನೆಯಲ್ಲಿ ಎಮ್ಮೆ ಕರು ಹಾಕಿದ್ದು, ಜಾತ್ರೆಯಲ್ಲಿ ಕೊಂಡ ಪೀಪಿ, ಅಜ್ಜಿಯ ಊರಿನ ಬಸ್ಸು ಕೆಟ್ಟು ನಿಂತದ್ದು. ಒಳ್ಳೆಯ ಶಿಕ್ಷಕರು ಇದನ್ನು ಗಲಾಟೆ ಎಂದು ಬಾಯಿ ಮುಚ್ಚಿಸುವುದಿಲ್ಲ. ಮಕ್ಕಳನ್ನು ವೃತ್ತವಾಗಿ ಕೂರಿಸಿ ಒಬ್ಬೊಬ್ಬರಿಂದ ಹೇಳಿಸುತ್ತಾರೆ. ನಿಂತು ನಾಲ್ಕು ವಾಕ್ಯ ಜೋಡಿಸಿ ಹೇಳಲು ಬರುವುದು ಓದುವುದಕ್ಕಿಂತ ಮೊದಲಿನ ಕಲಿಕೆ. ಮನೆಮಾತು ಲಂಬಾಣಿ, ಉರ್ದು, ತುಳು ಅಥವಾ ಜೇನುಕುರುಬರ ನುಡಿಯಾಗಿರುವ ಮಗುವಿಗೆ ಇದು ಇನ್ನೂ ಮುಖ್ಯ. ಅಂಥ ಮಗು ಮೊದಲ ಕೆಲವು ವಾರ ಸುಮ್ಮನೆ ಕೂತಿದ್ದರೆ ಅದು ದಡ್ಡತನವಲ್ಲ. ಮಗು ಕಿವಿಗೆ ಬಿದ್ದದ್ದನ್ನೆಲ್ಲ ಒಳಗೆ ಹಾಕಿಕೊಳ್ಳುತ್ತಿರುತ್ತದೆ. ಆ ಮೌನವನ್ನು ಕಂಡು ಹೆದರಿ, ಮನೆಯಲ್ಲಿ ತಮ್ಮ ನುಡಿ ಬಿಟ್ಟು ಅರೆಬರೆ ಕನ್ನಡ ಆಡತೊಡಗುವ ತಂದೆತಾಯಿ ಇದ್ದಾರೆ. ಅದರ ಅಗತ್ಯವಿಲ್ಲ. ಮನೆಮಾತಿನಲ್ಲಿ ಕಥೆ ಕೇಳಿ ಬೆಳೆದ ಮಗು ಶಾಲೆಯ ಮಾತನ್ನೂ ಬೇಗ ಹಿಡಿಯುತ್ತದೆ.

ಆಮೇಲೆ ಕನ್ನಡದ ದೀರ್ಘ ಅವಧಿ. ಅಕ್ಷರ ಕಲಿಸುವ ಕ್ರಮವೇ ಪೋಷಕರನ್ನು ಎಲ್ಲಕ್ಕಿಂತ ಹೆಚ್ಚು ಗಲಿಬಿಲಿಗೊಳಿಸುವ ಸಂಗತಿ. ಅವರು ಕಲಿತದ್ದು ಅ ಆ ಇ ಈ. ಮಗು ಶಾಲೆಯಿಂದ ಬಂದು ಹೇಳುವುದು ರ ಗ ಸ ದ ಅ. ನಲಿಕಲಿಯ ಮೊದಲ ಅಕ್ಷರಗಳು ಇವೇ ಐದು. ಬರೆಯಲು ಸುಲಭ, ಆಕಾರದಲ್ಲಿ ಒಂದಕ್ಕೊಂದು ಹತ್ತಿರ, ಎಲ್ಲಕ್ಕಿಂತ ಮಿಗಿಲಾಗಿ ಕಲಿತ ಮರುಕ್ಷಣವೇ ಬಳಕೆಗೆ ಬರುವಂಥವು. ಮೂರೇ ಅಕ್ಷರ ಬಂದರೂ ಸಾಕು, ಸರ, ರಸ, ಗರಗಸ ಓದಬಹುದು. ದ ಮತ್ತು ಅ ಸೇರಿದರೆ ದರ, ಅರಸ, ಅಗಸ. ಅ ಆ ಇ ಈ ಎಂದು ಹದಿನೈದು ದಿನ ತಿದ್ದಿದ ಮಗುವಿಗೆ ಓದಲು ಒಂದು ಪದವೂ ಸಿಕ್ಕುವುದಿಲ್ಲ. ಸ್ವರಗಳಷ್ಟರಿಂದಲೇ ಆಗುವ ಕನ್ನಡದ ಪದ ಹುಡುಕಹೊರಟರೆ ತಡವರಿಸಬೇಕಾದೀತು. ಗರಗಸ ಓದಿದ ಮಗುವಿಗಾದರೋ ಮೊದಲ ತಿಂಗಳಲ್ಲೇ ಓದು ಬಂತೆಂಬ ಹಮ್ಮು. ಆ ಹಮ್ಮಿನ ಮೇಲೆಯೇ ಮುಂದಿನ ಅಕ್ಷರಗಳೆಲ್ಲ ನಿಲ್ಲುವುದು. ವರ್ಣಮಾಲೆಯ ಕ್ರಮ ಕಳೆದುಹೋಗುವುದಿಲ್ಲ. ಅಕ್ಷರಗಳೆಲ್ಲ ಬಂದ ಮೇಲೆ ಅದನ್ನು ಹಾಡಿಕೊಂಡು ಕಲಿಯಲು ಹೆಚ್ಚು ದಿನ ಬೇಕಿಲ್ಲ. ಮನೆಯಲ್ಲಿ ಸಂಜೆ ಸ್ಲೇಟು ಹಿಡಿಸಿ ಅ ಆ ತಿದ್ದಿಸುವುದು ತಪ್ಪೇನಲ್ಲ. ಆದರೆ ಶಾಲೆಯದು ತಪ್ಪು ಕ್ರಮ ಎಂದು ಮಗುವಿನ ಎದುರಿಗೆ ಹೇಳುವುದು ತಪ್ಪು. ಆರು ವರ್ಷದ ಮಗು ಅಪ್ಪನನ್ನು ನಂಬಬೇಕೋ ಟೀಚರನ್ನೋ ಎಂಬ ಇಕ್ಕಟ್ಟಿಗೆ ಸಿಕ್ಕಬಾರದು.

ಪ್ರತಿ ಅಕ್ಷರಗುಚ್ಛವೂ ಒಂದು ಮೈಲಿಗಲ್ಲು. ಮೈಲಿಗಲ್ಲಿನೊಳಗೆ ಮೆಟ್ಟಿಲುಗಳು, ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು, ಕಾರ್ಡಿನ ಮೂಲೆಯಲ್ಲಿ ಚಿತ್ರದ ಗುರುತು. ಶಿಕ್ಷಕರ ಮಾತಿನಲ್ಲಿ ಅದು ಲೋಗೊ. ಹಾಡು, ಕಥೆ, ಮಾತಿನಿಂದ ಸಿದ್ಧತೆ. ಆಮೇಲೆ ಕಲಿಕೆ, ಆಮೇಲೆ ಅಭ್ಯಾಸ, ಕೊನೆಗೆ ಮೌಲ್ಯಮಾಪನ. ಈ ಮೆಟ್ಟಿಲುಗಳೆಲ್ಲವನ್ನೂ ಸಾಲಾಗಿ ಬರೆದ ದೊಡ್ಡ ಪಟವೇ ಕಲಿಕಾ ಏಣಿ. ಗೋಡೆಯ ಮೇಲೆ ಮಕ್ಕಳ ಕಣ್ಣಳತೆಗೆ ತೂಗುಹಾಕಿರುತ್ತಾರೆ. ಮಗು ತನ್ನ ಮೆಟ್ಟಿಲನ್ನು ಏಣಿಯಲ್ಲಿ ನೋಡಿ, ಅಲ್ಲಿರುವ ಲೋಗೊ ನೆನಪಿಟ್ಟುಕೊಂಡು, ಕಾರ್ಡುಗಳ ಕಟ್ಟಿನಿಂದ ಅದೇ ಗುರುತಿನ ಕಾರ್ಡನ್ನು ಹುಡುಕಿ ತೆಗೆದು, ಯಾವ ಗುಂಪಿಗೆ ಹೋಗಬೇಕೋ ಅಲ್ಲಿ ಹೋಗಿ ಕೂರುತ್ತದೆ. ಓದು ಬಾರದ ಮಗುವಿಗೂ ಇದೆಲ್ಲ ಆಗುವುದು ಚಿತ್ರದ ಗುರುತುಗಳಿಂದ. ಜೂನ್, ಜುಲೈನಲ್ಲಿ ಇದಕ್ಕೇ ಅರ್ಧ ಹೊತ್ತು ಹೋಗುತ್ತದೆ, ಕೋಣೆ ಸಂತೆಯಂತೆ ಕಾಣುತ್ತದೆ. ಆಗಸ್ಟ್ ಕಳೆಯುವಷ್ಟರಲ್ಲಿ ಮಕ್ಕಳು ಯಾರ ಹಂಗೂ ಇಲ್ಲದೆ ತಮ್ಮ ಕಾರ್ಡು ತಾವೇ ತೆಗೆದುಕೊಂಡು ಕೂರುವುದನ್ನು ಕಿಟಕಿಯಿಂದ ನೋಡುವುದೇ ಒಂದು ಸೊಗಸು.

ಗುಂಪುಗಳಲ್ಲಿ ತರಗತಿಯ ಭೇದವಿಲ್ಲ, ಬೆಂಬಲದ ಭೇದವಿದೆ. ಹೊಸದನ್ನು ಕಲಿಯುವವರು ಶಿಕ್ಷಕರ ಪಕ್ಕ. ಅರ್ಧ ಗೊತ್ತಾದವರಿಗೆ ಶಿಕ್ಷಕರು ಆಗಾಗ ಬಂದು ನೋಡಿದರೆ ಸಾಕು. ಆಮೇಲಿನದು ಗೆಳೆಯರ ನೆರವಿನಿಂದ ಕಲಿಯುವ ಗುಂಪು, ಕೊನೆಯದು ತಾನೇ ಮಾಡಿಕೊಳ್ಳುವವರದು. ಮೂರನೆಯ ತರಗತಿಯ ಹುಡುಗಿ ಒಂದನೆಯ ತರಗತಿಯವನ ಕೈ ಹಿಡಿದು ದ ಬರೆಸುತ್ತಿದ್ದರೆ, "ನನ್ನ ಮಗಳ ಓದು ಬಿಟ್ಟು ಬೇರೆಯವರ ಮಕ್ಕಳಿಗೆ ಹೇಳಿಕೊಡಲು ಕಳಿಸಿದ್ದೇವಾ" ಎಂದು ಕೇಳುವವರಿದ್ದಾರೆ. ಹೇಳಿಕೊಡುವ ಮಗುವಿಗೆ ಅದರಿಂದ ನಷ್ಟವಿಲ್ಲ. ತಾನು ಕಲಿತದ್ದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಬಿಡಿಸಿ ಹೇಳುವಾಗಲೇ ಅದು ಗಟ್ಟಿಯಾಗುವುದು. ದಿನವಿಡೀ ಅದೇ ಕೆಲಸವಾದರೆ ಮಾತ್ರ ಕೇಳಬೇಕು, ಕೇಳಲೇಬೇಕು.

ಶಾಲೆಯಲ್ಲಿ ಕೊಡುವ ಬೆಳಗಿನ ಹಾಲು 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಯೋಜನೆಯಿಂದ ಮೊದಲಾಯಿತು. 18 ಗ್ರಾಂ ಹಾಲಿನ ಪುಡಿಯಿಂದ ಮಾಡಿದ 150 ಮಿಲಿಲೀಟರ್ ಹಾಲು ಒಂದು ಮಗುವಿನ ಪಾಲು. 2024ರಿಂದ ವಾರದಲ್ಲಿ ಮೂರು ದಿನ ಅದಕ್ಕೆ ರಾಗಿ ಮಿಶ್ರಣವೂ ಸೇರಿತು. ಮಧ್ಯಾಹ್ನದ ಅಕ್ಷರ ದಾಸೋಹದ ಊಟಕ್ಕೆ ಈ ವಯಸ್ಸಿನ ಮಗುವಿನ ಲೆಕ್ಕ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. 450 ಕ್ಯಾಲರಿ, 12 ಗ್ರಾಂ ಪ್ರೋಟೀನು ಸಿಗಬೇಕೆಂಬುದು ನಿಯಮ. ಮೊಟ್ಟೆ 2021ರ ಡಿಸೆಂಬರ್‌ನಲ್ಲಿ ಕೆಲವು ಜಿಲ್ಲೆಗಳಲ್ಲಿ ಶುರುವಾಗಿ, ಮುಂದೆ ಇಡೀ ರಾಜ್ಯಕ್ಕೆ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಯಾವ ಮಗುವಿಗೆ ಯಾವುದು ಎಂದು ಮನೆಯವರು ಶಾಲೆಗೆ ಮೊದಲೇ ತಿಳಿಸಿರಬೇಕು. ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ಮಗುವಿನ ಮೇಲೆ ಆ ತೀರ್ಮಾನ ಬಿಡಬಾರದು. ಊಟದ ಹೊತ್ತೂ ತರಗತಿಯ ಭಾಗವೇ. ಕೈ ತೊಳೆಯುವುದು, ಸಾಲಿನಲ್ಲಿ ನಿಲ್ಲುವುದು, ಎಲ್ಲರ ಜೊತೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದು. ಕೊನೆಯದನ್ನು ಶಾಲೆಯಲ್ಲಿ ಕಲಿತ ಮಗು ಊರಿನ ಕೆಲವು ಕಟ್ಟಳೆಗಳ ಬಗ್ಗೆ ಮನೆಗೆ ಬಂದು ಪ್ರಶ್ನೆ ಕೇಳುವುದುಂಟು.

ವಾರಕ್ಕೊಮ್ಮೆ ಊಟವಾದ ಮೇಲೆ ಗುಲಾಬಿ ಬಣ್ಣದ ಕಬ್ಬಿಣಾಂಶದ ಮಾತ್ರೆ. ಐದರಿಂದ ಹತ್ತು ವರ್ಷದ ಮಕ್ಕಳಿಗೆ ರಕ್ತಹೀನತೆ ತಡೆಯಲು ಕೊಡುವಂಥದ್ದು. ಮರುದಿನ ಮಲ ಕಪ್ಪಾದರೆ ಗಾಬರಿ ಬೀಳಬೇಕಿಲ್ಲ, ಅದು ಕಬ್ಬಿಣದ ಬಣ್ಣ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ, ಆದ್ದರಿಂದಲೇ ಊಟದ ನಂತರ. ಫೆಬ್ರವರಿ 10 ಮತ್ತು ಆಗಸ್ಟ್ 10ರ ಆಸುಪಾಸಿನಲ್ಲಿ ಜಂತುಹುಳದ ಮಾತ್ರೆಯೂ ಇರುತ್ತದೆ. ಮಗುವಿಗೆ ಜ್ವರವಿದ್ದರೆ, ಬೇರೆ ಔಷಧಿ ನಡೆದಿದ್ದರೆ ಅಂದು ಬೆಳಿಗ್ಗೆಯೇ ಶಿಕ್ಷಕರಿಗೆ ಹೇಳಿ ಕಳಿಸುವುದು ಮನೆಯವರ ಹೊಣೆ.

ಗಣಿತದ ಅವಧಿಯಲ್ಲಿ ನೆಲದ ಮೇಲೆ ಹುಣಸೆಬೀಜ, ಕಡ್ಡಿ, ಮಣಿ, ಬೆಣಚುಕಲ್ಲು ಹರಡಿರುತ್ತವೆ. ಹೊರಗಿನಿಂದ ನೋಡಿದವರಿಗೆ ಆಟವೇ. ಮೂವತ್ತೆರಡರಲ್ಲಿ ಹದಿನೈದು ಕಳೆಯುವುದನ್ನು ಒಂದು ಗುಂಪು ಹೇಗೆ ಮಾಡುತ್ತದೆ ಎಂದು ನೋಡಬೇಕು. ಹತ್ತು ಹತ್ತು ಕಡ್ಡಿಗಳನ್ನು ರಬ್ಬರ್ ಬ್ಯಾಂಡು ಹಾಕಿ ಕಟ್ಟಿದ ಮೂರು ಕಟ್ಟು, ಜೊತೆಗೆ ಎರಡು ಬಿಡಿ ಕಡ್ಡಿ. ಐದು ಬಿಡಿ ಕಡ್ಡಿ ತೆಗೆಯಬೇಕು, ಇರುವುದೇ ಎರಡು. ಮಗು ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತದೆ, ಪಕ್ಕದವನ ಮುಖ ನೋಡುತ್ತದೆ, ಆಮೇಲೆ ಒಂದು ಕಟ್ಟಿನ ರಬ್ಬರ್ ಬ್ಯಾಂಡು ಬಿಚ್ಚುತ್ತದೆ. ಈಗ ಬಿಡಿ ಕಡ್ಡಿ ಹನ್ನೆರಡು. ಐದು ತೆಗೆದರೆ ಏಳು. ಉಳಿದ ಎರಡು ಕಟ್ಟಿನಲ್ಲಿ ಒಂದನ್ನು ತೆಗೆದರೆ ಒಂದು. ಹದಿನೇಳು. ರಬ್ಬರ್ ಬ್ಯಾಂಡು ಬಿಚ್ಚಿದ ಆ ಗಳಿಗೆಯಲ್ಲಿ ದಶಕ ಎಂದರೇನು ಎಂಬುದು ಮಗುವಿನ ಕೈಗೆ ತಿಳಿದಿರುತ್ತದೆ.

ಮನೆಯಲ್ಲಿ ಅದೇ ಲೆಕ್ಕ ಬೇರೆ ಥರ. "ಎರಡರಲ್ಲಿ ಐದು ಹೋಗಲ್ಲ, ಪಕ್ಕದ ಮನೆಯಿಂದ ಒಂದು ಸಾಲ ತಗೋ" ಎಂದು ಅಣ್ಣನೋ ಚಿಕ್ಕಪ್ಪನೋ ಹೇಳಿಕೊಡುತ್ತಾರೆ. ಉತ್ತರ ಸರಿ ಬರುತ್ತದೆ. ಒಂದು ಸಾಲ ತಂದರೆ ಹತ್ತು ಹೇಗಾಯಿತು, ತಂದ ಸಾಲ ಯಾವಾಗ ತೀರಿಸಬೇಕು ಎಂದು ಮಗು ಕೇಳಿದರೆ ಮಾತ್ರ ಹೇಳಿಕೊಟ್ಟವರಲ್ಲಿ ಉತ್ತರವಿಲ್ಲ. ಮನೆಯಲ್ಲಿ ನೆರವಾಗುವ ಇಚ್ಛೆ ಇರುವವರು ತೆಂಗಿನಗರಿಯ ಕಡ್ಡಿ ಮುರಿದು ಹತ್ತು ಹತ್ತರ ಕಟ್ಟು ಮಾಡಿ ಕೊಟ್ಟರೆ ಸಾಕು. ಅವರೆಕಾಯಿ ಸುಲಿಯುವಾಗ ಕಾಳು ಎಣಿಸಲು ಹೇಳಿದರೂ ಆದೀತು.

ಪರಿಸರ ಅಧ್ಯಯನ ವಾರದಲ್ಲಿ ಮಕ್ಕಳನ್ನು ಹೊರಗೆ ಕರೆತರುವ ವಿಷಯ. ಶಾಲೆಯ ಹಿತ್ತಲಿನ ಎಲೆಗಳನ್ನು ಆರಿಸಿ ತಂದು ಆಕಾರದ ಮೇಲೆ ವಿಂಗಡಿಸುವುದು, ಊರಿನ ಬಾವಿ, ಅಂಗಡಿ, ಕುಲುಮೆ ನೋಡಿ ಬರುವುದು. ಕಾರ್ಡಿನಲ್ಲಿರುವ ಚಿತ್ರಕ್ಕೆ ಮಕ್ಕಳು ತಮ್ಮೂರಿನ ಹೆಸರು ಹೇಳುತ್ತಾರೆ. ಮಂಡ್ಯದಲ್ಲಿ ಮುಸುಕಿನ ಜೋಳವಾದದ್ದು ಹಾವೇರಿಯಲ್ಲಿ ಗೊಂಜಾಳ. ಎರಡನ್ನೂ ಒಪ್ಪುವ ಶಿಕ್ಷಕರ ತರಗತಿಯಲ್ಲಿ ಮಕ್ಕಳು ಬಾಯಿ ಬಿಡುತ್ತಾರೆ. ಬಿಡಿಸಿದ ಚಿತ್ರ, ಕತ್ತರಿಸಿದ ಕಾಗದ, ಅಂಟಿಸಿದ ಎಲೆ ಎಲ್ಲವೂ ಚಪ್ಪರಕ್ಕೆ ಏರುತ್ತವೆ. ತಲೆಯ ಮೇಲೆ ಗೋಡೆಯಿಂದ ಗೋಡೆಗೆ ಕಟ್ಟಿದ ದಾರಗಳ ಜಾಲವೇ ಈ ಚಪ್ಪರ. ಚಪ್ಪರದಲ್ಲಿ ವರ್ಷವಿಡೀ ಅವೇ ನಾಲ್ಕು ಹಾಳೆಗಳು ಧೂಳು ಹಿಡಿದು ತೂಗುತ್ತಿದ್ದರೆ ಅಲ್ಲಿ ವಾರಗಳು ಕಳೆಯುತ್ತಿವೆ, ಕೆಲಸ ನಡೆಯುತ್ತಿಲ್ಲ ಎಂದೇ ತಿಳಿಯಬೇಕು.

ಮೈಲಿಗಲ್ಲಿನ ಕೊನೆಯ ಕಾರ್ಡು ಮೌಲ್ಯಮಾಪನದ್ದು. ಅದಕ್ಕೆ ಗೊತ್ತಾದ ದಿನವಿಲ್ಲ. ಮಗು ಅಲ್ಲಿಗೆ ತಲುಪಿದಾಗ ಶಿಕ್ಷಕರು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ, ಬರೆಸಿ, ಕೇಳಿ ನೋಡುತ್ತಾರೆ. ಸರಿ ಬಂದರೆ ಮುಂದಿನ ಮೈಲಿಗಲ್ಲು. ಬಾರದಿದ್ದರೆ ಅದೇ ಅಂಶಕ್ಕೆ ಇನ್ನಷ್ಟು ಅಭ್ಯಾಸ. ಮುಗಿಸಿದ್ದನ್ನು ಗೋಡೆಯ ಮೇಲಿನ ಪ್ರಗತಿನೋಟದಲ್ಲಿ ಮಗುವಿನ ಹೆಸರಿನ ಎದುರು ಗುರುತಿಸುತ್ತಾರೆ. ಪೋಷಕರು ಓದಬೇಕಾದದ್ದು ಈ ಹಾಳೆಯನ್ನೇ. ಅದನ್ನು ಓದುವ ರೀತಿ ಒಂದಿದೆ. ಪಕ್ಕದ ಹೆಸರಿಗೆ ಹೋಲಿಸಿ ನೋಡಿದರೆ ಅದು ಏನನ್ನೂ ಹೇಳುವುದಿಲ್ಲ, ಹೊಟ್ಟೆಕಿಚ್ಚನ್ನಷ್ಟೇ ಹುಟ್ಟಿಸುತ್ತದೆ. ಕಳೆದ ತಿಂಗಳು ಇದೇ ಮಗು ಎಲ್ಲಿತ್ತು ಎಂದು ನೋಡಬೇಕು. ಒಂದು ವಾರ ಅಲ್ಲೇ ನಿಂತಿದ್ದರೆ ಚಿಂತೆ ಬೇಡ. ಕಾಗುಣಿತದ ಮೆಟ್ಟಿಲುಗಳಲ್ಲಿ, ಒತ್ತಕ್ಷರ ಬಂದಾಗ ಬಹುತೇಕ ಮಕ್ಕಳು ನಿಧಾನವಾಗುತ್ತಾರೆ. ತಿಂಗಳೆರಡಾದರೂ ಗುರುತು ಕದಲದಿದ್ದರೆ ಶಿಕ್ಷಕರನ್ನು ಕೇಳಬೇಕು. ಕಣ್ಣು, ಕಿವಿಯ ತೊಂದರೆ ಹೀಗೆ ಬೆಳಕಿಗೆ ಬಂದ ಮಕ್ಕಳು ಎಷ್ಟೋ ಮಂದಿ.

ರಜೆ ಹಾಕಿದ ಮಗುವಿನ ವಿಚಾರವೂ ಈ ಹಾಳೆಯಲ್ಲೇ ತೀರ್ಮಾನವಾಗುತ್ತದೆ. ಹಬ್ಬಕ್ಕೋ ಜ್ವರಕ್ಕೋ ನಾಲ್ಕು ದಿನ ಬಾರದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ, ನಡುವಿನದನ್ನು ಹಾರಿಹೋಗುವ ಪ್ರಸಂಗವಿಲ್ಲ. ಇದೊಂದು ಅನುಕೂಲ. ಹಾಗೆಂದು ರಜೆ ಹಾಕಿಸಿದರೆ ಏನೂ ಆಗದೆಂದು ತಿಳಿಯುವವರಿದ್ದಾರೆ. ಮೆಟ್ಟಿಲು ಕಾಯುತ್ತದೆ ನಿಜ, ವರ್ಷ ಕಾಯುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೆಯ ತರಗತಿಗೆ ವರ್ಷದಲ್ಲಿ 200 ಶಾಲಾ ದಿನ, 800 ಗಂಟೆ ಪಾಠ. ದಿನಕ್ಕೆ ನಾಲ್ಕು ಗಂಟೆ ಎಂದಾಯಿತು. ಅದರಲ್ಲಿ ಕಳೆದದ್ದು ಕಳೆದಂತೆಯೇ.

ಇನ್ನು ಮನೆಗೆಲಸದ, ಅಂದರೆ ಹೋಂವರ್ಕಿನ ಮಾತು. 2019ರಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಆದೇಶದಂತೆ ಒಂದು ಮತ್ತು ಎರಡನೆಯ ತರಗತಿಯ ಮಕ್ಕಳಿಗೆ ಮನೆಗೆಲಸ ಕೊಡುವಂತಿಲ್ಲ. ಅವರ ಚೀಲದ ತೂಕ ಎರಡು ಕಿಲೋ ಮೀರುವಂತಿಲ್ಲ, ಮೂರನೆಯ ತರಗತಿಯವರದು ಮೂರು ಕಿಲೋ. ಇದು ಖಾಸಗಿ ಶಾಲೆಗಳಿಗೂ ಅನ್ವಯಿಸುತ್ತದೆ ಎಂಬುದನ್ನು ಮರೆತವರೇ ಹೆಚ್ಚು. ಮನೆಗೆಲಸ ಕೇಳಿ ಪಡೆಯುವವರು ಸ್ವತಃ ಪೋಷಕರೇ ಎಂಬುದು ಇದರಲ್ಲಿನ ವಿಚಿತ್ರ.

ಶನಿವಾರ ಬೆಳಗಿನ ಶಾಲೆ. ಸಾಮೂಹಿಕ ಕವಾಯತು, ಹಾಡು, ಕಥೆ, ಆಟ, ಉಳಿದ ಕಾರ್ಡುಗಳು. ತಿಂಗಳಲ್ಲೊಂದು ಶನಿವಾರ ಚೀಲವಿಲ್ಲದೆ ಬರುವ 'ಸಂಭ್ರಮ ಶನಿವಾರ'. ಅಂದು ಮಕ್ಕಳು ಪುಸ್ತಕ ಮುಟ್ಟದೆ ರಸ್ತೆಯ ನಿಯಮ, ಶುಚಿತ್ವ ಮುಂತಾದವನ್ನು ಚಟುವಟಿಕೆಯಿಂದ ಕಲಿಯುತ್ತಾರೆ.

ವಾರದ ಈ ಎಲ್ಲ ಸಂಗತಿ ಮನೆ ಮುಟ್ಟುವುದು ಮಗುವಿನ ಬಾಯಿಂದ, ಮತ್ತು ಮಗುವಿನ ಬಾಯಿ ಸುಲಭವಾಗಿ ಬಿಡುವಂಥದ್ದಲ್ಲ. "ಇವತ್ತೇನು ಕಲಿಸಿದ್ರು?" ಎಂದರೆ "ಏನಿಲ್ಲ". ದಿನವೂ ಇದೇ. ಅದು ಸುಳ್ಳಲ್ಲ, ಅಷ್ಟು ದೊಡ್ಡ ಪ್ರಶ್ನೆಗೆ ಅಷ್ಟು ಚಿಕ್ಕ ಮಗುವಿನಲ್ಲಿ ಉತ್ತರವಿರುವುದಿಲ್ಲ. "ಇವತ್ತು ಯಾರ ಪಕ್ಕ ಕೂತಿದ್ದೆ? ಯಾವ ಚಿತ್ರದ ಕಾರ್ಡು ತಗೊಂಡೆ? ಚಪ್ಪರಕ್ಕೆ ಏನು ಹಾಕಿದ್ರಿ?" ಎಂದು ಕೇಳಿದರೆ ಮಾತು ಹೊರಡುತ್ತದೆ. ಧಾರವಾಡದ ಕಡೆಯ ತಾಯಿ "ಅಕ್ಕೋರು ಇವತ್ತ ಯಾವ ಕಥಿ ಹೇಳಿದ್ರು?" ಎಂದು ಕೇಳಿದರೆ ಕಥೆಯೇ ಮನೆಗೆ ಬರುತ್ತದೆ, ಅರ್ಧಂಬರ್ಧ, ಹುಲಿ ಇದ್ದಲ್ಲಿ ನರಿ ಬಂದು. ಆ ತಪ್ಪನ್ನು ತಿದ್ದಬೇಕಿಲ್ಲ.

ಈಗ ಹಲವು ಶಾಲೆಗಳಲ್ಲಿ ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಿವೆ. ಶಿಕ್ಷಕರು ಫೋಟೊ ಹಾಕುತ್ತಾರೆ, ಪೋಷಕರು ಕೈಮುಗಿಯುವ ಚಿತ್ರ ಹಾಕುತ್ತಾರೆ, ವಿಷಯ ಅಲ್ಲಿಗೆ ಮುಗಿಯುತ್ತದೆ. ಅದಕ್ಕಿಂತ, ಈ ವಾರ ಯಾವ ಅಕ್ಷರಗಳು, ಯಾವ ಹಾಡು, ಮುಂದಿನ ವಾರ ಮನೆಯಿಂದ ಏನು ತರಬೇಕು ಎಂಬ ಮೂರು ಸಾಲನ್ನು ಬರೆದು, ಓದಲು ಬಾರದವರಿಗಾಗಿ ಅದನ್ನೇ ಧ್ವನಿಯಲ್ಲಿ ಹೇಳಿ ಕಳಿಸಿದರೆ ಉಪಯೋಗ ಹೆಚ್ಚು. ಫೋನು ಇಲ್ಲದ ಮನೆಗಳಿಗೆ ಶಾಲೆಯ ಹೊರಗೋಡೆಯ ಹಲಗೆ ಸಾಕು. ಮುಖಾಮುಖಿಗೆ 'ಸಮುದಾಯದತ್ತ ಶಾಲೆ' ಕಾರ್ಯಕ್ರಮವಿದೆ. ಅಂದು ಪೋಷಕರ ಎದುರಿಗೇ ಮಗುವಿನ ಪ್ರಗತಿಯ ವಿವರ ತೆರೆದು ತೋರಿಸಬೇಕು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಜನರ ಬಾಯಲ್ಲಿ ಎಸ್‌ಡಿಎಂಸಿ, ಅದರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಕಾಯ್ದೆ ಹೇಳುತ್ತದೆ. ಸಮಿತಿಯ ಸಭೆಗಳಲ್ಲಿ ಕಾಂಪೌಂಡು, ಬಣ್ಣ, ಶೌಚಾಲಯದ ಮಾತು ಬಹಳ, ಏಣಿಯ ಮಾತು ಕಡಿಮೆ. ಕಾರ್ಡುಗಳು ಪೂರ್ತಿ ಇವೆಯೇ ಎಂದು ವರ್ಷಕ್ಕೊಮ್ಮೆಯಾದರೂ ಎಣಿಸಿ ನೋಡುವ ಸಮಿತಿ ಅಪರೂಪ.

ಆ ಪ್ರಶ್ನೆ ಬೇಕಾದದ್ದೇ. ನಲಿಕಲಿ ಸೋಲುವುದು ಸಣ್ಣಪುಟ್ಟ ಕಾರಣಗಳಿಗೆ. ಒಂದು ಕಾರ್ಡು ಹರಿದು ಕಳೆದುಹೋದರೆ ಏಣಿಯಲ್ಲಿ ಒಂದು ಮೆಟ್ಟಿಲೇ ಇಲ್ಲದಂತೆ, ಮಗು ಅಲ್ಲಿ ಎಡವುತ್ತದೆ. ಅರವತ್ತು ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು ಎಂಬುದು ಕಾಯ್ದೆಯ ಲೆಕ್ಕ. ಅವರಲ್ಲಿ ಒಬ್ಬರು ತರಬೇತಿಗೋ ಸಮೀಕ್ಷೆಗೋ ಚುನಾವಣೆಯ ಕೆಲಸಕ್ಕೋ ಹೋದ ದಿನ ಉಳಿದವರ ಪಾಲಿಗೆ ಐದೂ ತರಗತಿ. ಅಂದು ಶಿಕ್ಷಕರ ಬೆಂಬಲದ ಗುಂಪಿಗೆ ಬೆಂಬಲವಿಲ್ಲ, ಕಾರ್ಡು ಹಿಡಿದು ಕೂತ ಮಗುವಿಗೆ ಅದು ಬರಿಯ ರಟ್ಟು. ಇನ್ನು ಕೆಲವೆಡೆ ಮಕ್ಕಳು ಕಲಿಯುವುದಕ್ಕಿಂತ ದಾಖಲೆ ತುಂಬುವುದೇ ದೊಡ್ಡದಾಗಿ, ಪ್ರಗತಿನೋಟದ ಗುರುತುಗಳು ಮಗುವಿಗಿಂತ ಮುಂದೆ ಓಡಿರುತ್ತವೆ. ಇದನ್ನು ಪತ್ತೆಮಾಡಲು ತಜ್ಞರು ಬೇಡ. ಗೋಡೆಯಲ್ಲಿ ಮುಗಿದಿದೆ ಎಂದಿರುವ ಅಕ್ಷರಗಳಿಂದ ಒಂದು ಪದ ಬರೆದು ಮಗುವಿಗೆ ತೋರಿಸಿದರೆ ಸಾಕು. ಓದುತ್ತದೋ ಇಲ್ಲವೋ ತಿಳಿದುಹೋಗುತ್ತದೆ.

ಏಪ್ರಿಲ್‌ನಲ್ಲಿ ಬೇಸಿಗೆ ರಜೆ ಬರುವ ಹೊತ್ತಿಗೆ ಒಂದನೆಯ ತರಗತಿಯ ಏಣಿ ಮುಗಿಯದ ಮಕ್ಕಳು ಇದ್ದೇ ಇರುತ್ತಾರೆ. ಅವರು ಎರಡನೆಯ ತರಗತಿಗೆ ಹೋಗುತ್ತಾರೆ. ಜೂನ್‌ನಲ್ಲಿ, ಅದೇ ಕೋಣೆಯಲ್ಲಿ, ಬಿಟ್ಟ ಮೆಟ್ಟಿಲಿನಿಂದ ಶುರುಮಾಡುತ್ತಾರೆ. ಈ ಸವಲತ್ತು ಮೂರನೆಯ ತರಗತಿಯ ಕೊನೆಯವರೆಗೆ ಮಾತ್ರ. ನಾಲ್ಕನೆಯ ತರಗತಿಯಲ್ಲಿ ಕಾರ್ಡಿನ ಜಾಗಕ್ಕೆ ಪಠ್ಯಪುಸ್ತಕ, ಗುಂಪಿನ ಜಾಗಕ್ಕೆ ಸಾಲು. ಪಾಠ ಎಲ್ಲರಿಗೂ ಒಂದೇ ವೇಗದಲ್ಲಿ ಸಾಗುತ್ತದೆ. ಆದ್ದರಿಂದ ಮೂರನೆಯ ತರಗತಿಯ ದಸರಾ ರಜೆ ಮುಗಿದ ಮೇಲಿನ ವಾರಗಳಲ್ಲಿ ಪ್ರಗತಿನೋಟವನ್ನು ಒಮ್ಮೆ ಹೋಗಿ ನೋಡಿ ಬರುವುದು ಉಳಿದೆಲ್ಲ ಭೇಟಿಗಳಿಗಿಂತ ಮುಖ್ಯ. ಒತ್ತಕ್ಷರ ತಡವರಿಸುವ, ದಶಕ ಬಿಚ್ಚಲು ಬಾರದ ಮಗುವಿಗೆ ನೆರವು ಕೊಡಿಸಲು ಆಗಿನ್ನೂ ಐದಾರು ತಿಂಗಳು ಕೈಯಲ್ಲಿರುತ್ತವೆ.